ಒಪ್ಪವಿಡುವ ಕ್ರಮ: ಇಟಗಿಯ ಕಂಬವೂ ಮೋಟಾರು ಗಾಡಿಯ ಬಣ್ಣವೂ

೧. ಶಬ್ದವಿಚಾರ

ವಸ್ತುವಿನ ಮೈಯನ್ನು ನಯಗೊಳಿಸಿ ಹೊಳೆಯಿಸುವ ಕೆಲಸಕ್ಕೆ ಕನ್ನಡದಲ್ಲಿ ಶಬ್ದಗಳು ಧಾರಾಳವಾಗಿವೆ. ಅವುಗಳನ್ನು ಎರಡು ವರ್ಗಗಳಾಗಿ ವಿಂಗಡಿಸಬಹುದು. ಮಸೆ, ತೀಡು, ತೇಯು, ಉಜ್ಜು, ತಿಕ್ಕು ಎಂಬಿವು ಕೆಲಸವನ್ನು ಹೇಳುತ್ತವೆ. ಒಪ್ಪ, ಮೆರುಗು, ಹೊಳಪು, ನುಣುಪು ಎಂಬಿವು ಆ ಕೆಲಸದ ಫಲವನ್ನು ಹೇಳುತ್ತವೆ. ಮೊದಲನೆಯ ವರ್ಗದ ಶಬ್ದಗಳಲ್ಲಿ ಸವೆತದ ಅರ್ಥವು ಹುದುಗಿದೆ. ಗಂಧದ ಕೊರಡು ತೇಯ್ದಷ್ಟೂ ಕಿರಿದಾಗುತ್ತದೆ. ಮಸೆದ ಕುಡುಗೋಲಿನ ಅಲಗು ವರ್ಷ ವರ್ಷಕ್ಕೆ ತೆಳುವಾಗುತ್ತದೆ. ಎರಡನೆಯ ವರ್ಗದ ಶಬ್ದಗಳಲ್ಲಾದರೋ ಈ ಅರ್ಥವು ತೋರುವುದಿಲ್ಲ. ಒಪ್ಪವನ್ನು ‘ಇಡುತ್ತಾರೆ’, ಮೆರುಗನ್ನು ‘ಕೊಡುತ್ತಾರೆ’ ಎಂಬ ಪ್ರಯೋಗಗಳನ್ನು ಕೇಳಿದವರಿಗೆ, ಹೊಳಪೆಂಬುದು ಹೊರಗಿನಿಂದ ತಂದು ಮೈಗೆ ಹಚ್ಚತಕ್ಕ ಒಂದು ಪದಾರ್ಥವೆಂಬ ಭಾವನೆಯುಂಟಾಗುವುದು ಸಹಜ. ಬೆಳಗು ಎಂಬ ಧಾತುವು ಮಾತ್ರ ಕೆಲಸ ಫಲಗಳೆರಡನ್ನೂ ಒಳಕೊಂಡಿದೆ. ಸೂರ್ಯನು ಬೆಳಗುವುದೂ, ಬೂದಿ ಹುಣಸೆಹಣ್ಣುಗಳಿಂದ ತಾಮ್ರದ ಕೊಡವನ್ನು ಬೆಳಗುವುದೂ ಅದೇ ಮಾತಿನಿಂದಲೇ ಆಗುತ್ತವೆ.

ಈ ಭೇದವು ಕೇವಲ ನಿಘಂಟಿಗೆ ಸಂಬಂಧಪಟ್ಟುದಲ್ಲ. ಕಾವ್ಯವನ್ನು ತಿದ್ದುವುದಕ್ಕೆ ಸಾಣೆ ಹಿಡಿಯುವುದೆಂದೂ ಒಪ್ಪವಿಡುವುದೆಂದೂ ವಿಮರ್ಶೆಯಲ್ಲಿಯೂ ಪಾಠದ ಕೋಣೆಯಲ್ಲಿಯೂ ಹೇಳುವ ರೂಢಿಯಿದೆ. ಉಪಮಾನದ ಸ್ವರೂಪವು ತಿಳಿಯದೆ ಉಪಮೇಯವು ಸ್ಫುಟವಾಗಲಾರದು. ಭರ್ತೃಹರಿಯ ನೀತಿಶತಕದ ಒಂದು ಪದ್ಯದಲ್ಲಿ, ಕೃಶತೆಯಿಂದಲೇ ಶೋಭೆಗೊಳ್ಳುವ ವಸ್ತುಗಳ ಸಾಲಿನಲ್ಲಿ ಸಾಣೆಯಿಂದ ತೇಯಲ್ಪಟ್ಟ ಮಣಿಯು ಮೊದಲಿನದಾಗಿ ಬರುತ್ತದೆ. ಮಣಿಗೆ ಏನನ್ನೋ ಕೂಡಿಸಿದುದರಿಂದ ಅದು ಬೆಳಗಿತೆಂದು ಆ ಕವಿಯು ಹೇಳಲಿಲ್ಲ. ಅದರಿಂದ ಕಳೆದುದೇ ಬೆಳಕಿಗೆ ಕಾರಣವಾಯಿತೆಂದು ಹೇಳಿದನು. ಒಪ್ಪವಿಡುವ ಕಸಬುಗಳೆಲ್ಲದರ ತತ್ತ್ವವು ಇದೇ ಆಗಿದೆ. ಒಪ್ಪವೆಂದರೆ ಗೀರುಗಳನ್ನು ಕಳೆಯುವುದು. ಗೀರನ್ನು ಕಳೆಯಬೇಕಾದರೆ ಅದರ ಸುತ್ತಣ ಮೈಯನ್ನೂ ಅದರ ಆಳದವರೆಗೆ ಕಳೆಯಬೇಕು. ಕಳೆದುದು ಮರಳಿ ಬಾರದು. ಈ ತತ್ತ್ವವನ್ನು ಯಲಬುರ್ಗಾ ಸೀಮೆಯ ಒಂದು ಹಳೆಯ ಕೆಲಸದಲ್ಲಿಯೂ ಇಂದಿನ ಮೋಟಾರು ಗಾಡಿಯ ಬಣ್ಣದ ಕೆಲಸದಲ್ಲಿಯೂ ಪರಿಶೀಲಿಸುವುದು ಈ ಲೇಖನದ ಉದ್ದೇಶ.

೨. ಇಟಗಿಯ ಕಂಬಗಳು

ಶಾಸನಗಳಲ್ಲಿ ಎರಂಬರಗೆಯೆಂದು ಹೆಸರಾದ ಯಲಬುರ್ಗಾ ಪಟ್ಟಣವು ಸಿಂದ ಅರಸರ ರಾಜಧಾನಿಯಾಗಿದ್ದಿತು. ಬಹುಕಾಲ ಯಲಬುರ್ಗಾ ತಾಲ್ಲೂಕಿಗೆ ಸೇರಿದ್ದು ಈಗ ಕುಕನೂರು ತಾಲ್ಲೂಕಿಗೆ ಒಳಪಟ್ಟಿರುವ ಇಟಗಿಯಲ್ಲಿ, ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು ಕ್ರಿ. ಶ. ೧೧೧೨ರಲ್ಲಿ ಮಹಾದೇವ ದೇವಾಲಯವನ್ನು ಕಟ್ಟಿಸಿದನು. ಅಲ್ಲಿಯ ಶಾಸನವು ಇದನ್ನು ‘ದೇವಾಲಯ ಚಕ್ರವರ್ತಿ’ಯೆಂದು ಕರೆದಿದೆ. ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುವನ್ನು ಕುರಿತು ೧೯೨೬ರಲ್ಲಿ ಗ್ರಂಥವನ್ನು ಪ್ರಕಟಿಸಿದ ಹೆನ್ರಿ ಕಸಿನ್ಸ್ ಸಾಹೇಬರು ಈ ಗುಡಿಯನ್ನು ಬಹಳವಾಗಿ ಮೆಚ್ಚಿದ್ದರು. ಇದರ ತೆರೆದ ಮಂಟಪದಲ್ಲಿ ಮೊದಲು ೬೮ ಕಂಬಗಳಿದ್ದವು; ಅವುಗಳಲ್ಲಿ ಬಹುಭಾಗವು ಉಳಿದಿದೆ.

ಈ ಕಂಬಗಳ ಕಲ್ಲು ಮಿದುವಾದ ಬಳಪದ ಕಲ್ಲು. ಹಿಂದೆ ಶಾಲೆಯ ಹಲಗೆಯ ಮೇಲೆ ಬರೆಯುತ್ತಿದ್ದ ಬಳಪದ ಜಾತಿಯದೇ ಇದು. ಬಾದಾಮಿ ಐಹೊಳೆಗಳ ಮರಳುಗಲ್ಲನ್ನು ಬಿಟ್ಟು ಶಿಲ್ಪಿಗಳು ಈ ಕಲ್ಲನ್ನು ಹಿಡಿದುದರಿಂದ ಎರಡು ಬಗೆಯ ಕೆಲಸಗಳು ಸಾಧ್ಯವಾದವು. ಒಂದು, ಕಿರುಬೆರಳಿನ ಉಗುರಿನಷ್ಟು ಎಡೆಯಲ್ಲಿಯೂ ಬಳ್ಳಿ ಹೂಗಳನ್ನು ಕಡೆಯುವುದು. ಇನ್ನೊಂದು, ಕಂಬವನ್ನು ತಿರುಗಣೆಗೆ ಹಾಕಿ ಕೊರಳು, ಗಂಟೆ, ಗಾಲಿ ಮೊದಲಾದ ಅಂಗಗಳನ್ನು ದುಂಡಾಗಿ ತೀಡಿ ತೆಗೆಯುವುದು. ಅಷ್ಟು ಭಾರದ ಕಂಬವನ್ನು ಹೇಗೆ ತಿರುಗಿಸಿದರೆಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. ತಿರುಗುವ ಕಲ್ಲಿಗೆ ಉಳಿಯನ್ನು ಒಡ್ಡಿದರೆ ಬಳೆಬಳೆಯಾಗಿ ಗೀರುಗಳು ಬೀಳುವುವೆಂಬುದು ಮಾತ್ರ ಯಾವ ತಿರುಗಣೆಯ ಕೆಲಸದಲ್ಲಿಯೂ ಕಾಣಬರುವ ಸಂಗತಿ. ಆ ಬಳೆಗೀರುಗಳು ಅಳಿಯುವವರೆಗೂ ಕಂಬವು ದುಂಡಾಗಿರುವುದೇ ಹೊರತು ಹೊಳೆಯದು. ಇಟಗಿಯ ಕಂಬಗಳ ನುಣುಪು, ಉಳಿಯ ಕೆಲಸವು ಮುಗಿದ ಬಳಿಕ ನಡೆದ ಮತ್ತೊಂದು ದೀರ್ಘವಾದ ಕೆಲಸಕ್ಕೆ ಸಾಕ್ಷಿಯಾಗಿದೆ.

ಈ ಕ್ರಮವು ಚಾಲುಕ್ಯರ ಕಾಲದಲ್ಲಿಯೇ ಹುಟ್ಟಿತೆಂದು ತಿಳಿಯಬಾರದು. ಬಳ್ಳಾರಿಯ ಸಮೀಪದ ಸಂಗನಕಲ್ಲು ಬೆಟ್ಟಗಳಲ್ಲಿ ನವಶಿಲಾಯುಗದ ಜನರು ಕರಿಯ ಕಲ್ಲಿನ ಕೊಡಲಿಗಳನ್ನು ಮಾಡುವಾಗ ಮೊದಲು ಚಕ್ಕೆ ತೆಗೆದು, ಅನಂತರ ಕುಟ್ಟಿ, ಬಳಿಕ ಬಂಡೆಯ ಮೇಲೆ ಉಜ್ಜಿ, ಕಡೆಗೆ ನಯಗೊಳಿಸುತ್ತಿದ್ದರು. ಹೀಗೆ ಉಜ್ಜಿದುದರಿಂದ ಬಂಡೆಗಳಲ್ಲಿ ಬಿದ್ದ ನಯವಾದ ತಗ್ಗುಗಳು ಇಂದಿಗೂ ಕಾಣುತ್ತವೆ. ಒರಟಿನಿಂದ ನಯಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕೆಂಬ ನಿಯಮವು ಅಷ್ಟು ಪುರಾತನವಾದುದು.

೩. ಹೊಳಪಿನ ತತ್ತ್ವ

ಸಮವಾದ ಮೈಯ ಮೇಲೆ ಬಿದ್ದ ಬೆಳಕಿನ ಕಿರಣಗಳು ಒಂದೇ ದಿಕ್ಕಿಗೆ ಹಿಂದಿರುಗುತ್ತವೆ. ಆದುದರಿಂದ ಎದುರಿನ ವಸ್ತುವಿನ ಪ್ರತಿಬಿಂಬವು ಅಲ್ಲಿ ಮೂಡುತ್ತದೆ. ಗೀರುಗಳುಳ್ಳ ಮೈಯಲ್ಲಿ ಪ್ರತಿಯೊಂದು ಗೀರಿನ ಇಳಿಜಾರೂ ಕಿರಣಗಳನ್ನು ಬೇರೆ ಬೇರೆ ಕಡೆಗೆ ಚೆದರಿಸುವುದರಿಂದ ಬಿಂಬವು ಕೆಟ್ಟು, ಮಂಜು ಕವಿದಂತೆ ಬಿಳುಪು ತೋರುತ್ತದೆ. ಕಪ್ಪು ಬಣ್ಣದ ಗಾಡಿಯಲ್ಲಿ ಗೀರುಗಳು ಹೆಚ್ಚಾಗಿ ಕಾಣುವುದಕ್ಕೆ ಇದೇ ಕಾರಣ: ಗೀರುಗಳು ಎರಡರಲ್ಲಿಯೂ ಸಮವಾಗಿದ್ದರೂ, ಅವುಗಳಿಂದ ಚೆದರಿದ ಬಿಳಿಯ ಬೆಳಕು ಕಪ್ಪಿನ ಹಿನ್ನೆಲೆಯಲ್ಲಿ ಎದ್ದು ಕಾಣುತ್ತದೆ.

ಗೀರುಗಳು ಎಷ್ಟು ಸಣ್ಣವಾದರೆ ಕಣ್ಣಿಗೆ ಅಳಿದಂತಾಗುವುವು ಎಂಬ ಪ್ರಶ್ನೆಗೆ ಬೆಳಕಿನ ಅಲೆಯ ಉದ್ದವೇ ಉತ್ತರವಾಗಿದೆ. ಕಣ್ಣಿಗೆ ಕಾಣುವ ಬೆಳಕಿನ ಅಲೆಗಳು ಸುಮಾರು ೦.೪ರಿಂದ ೦.೭ ಮೈಕ್ರಾನ್ ಉದ್ದವುಳ್ಳವು. ಮೈಕ್ರಾನ್ ಎಂದರೆ ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲು. ಮೈಯ ಉಬ್ಬುತಗ್ಗುಗಳು ಈ ಅಳತೆಯ ಸಣ್ಣದೊಂದು ಅಂಶಕ್ಕೆ ಇಳಿದಾಗ ಬೆಳಕಿಗೆ ಆ ಮೈಯು ಸಮವಾದಂತೆಯೇ ಆಗುತ್ತದೆ. ನ್ಯೂಟನ್ ಮಹಾಶಯನು ೧೭೦೪ರಲ್ಲಿ ಪ್ರಕಟಿಸಿದ ಬೆಳಕಿನ ಶಾಸ್ತ್ರಗ್ರಂಥದಲ್ಲಿ ಈ ಸಂಗತಿಯನ್ನು ವಿಚಾರಿಸಿದ್ದಾನೆ. ಗಾಜನ್ನು ಪುಡಿಯಿಂದ ಉಜ್ಜಿದಾಗ ಒರಟು ಸಂಪೂರ್ಣವಾಗಿ ಹೋಗುವುದಿಲ್ಲ, ಅತಿಸೂಕ್ಷ್ಮವಾಗುತ್ತದೆ ಅಷ್ಟೆ. ಗೀರುಗಳು ಕಾಣದಷ್ಟು ಸಣ್ಣವಾದಾಗ ಮೈಯು ನುಣ್ಣಗಾಯಿತೆನ್ನುತ್ತೇವೆ ಎಂಬುದು ಅವನ ಅಭಿಪ್ರಾಯದ ತಾತ್ಪರ್ಯ. ೨೦ನೆಯ ಶತಮಾನದ ಆದಿಯಲ್ಲಿ ಜಾರ್ಜ್ ಬೀಲ್ಬಿ ಎಂಬ ವಿಜ್ಞಾನಿಯು, ಒಪ್ಪವಿಡುವಾಗ ಮೈಯ ಮೇಲ್ಪದರವು ಹರಿದು ತಗ್ಗುಗಳನ್ನು ತುಂಬುತ್ತದೆಯೆಂದು ವಾದಿಸಿದನು. ೧೯೩೭ರಲ್ಲಿ ಬೌಡೆನ್ ಮತ್ತು ಹ್ಯೂಸ್ ಎಂಬವರು ಉಜ್ಜುವಾಗ ಹುಟ್ಟುವ ಶಾಖವು ಇದಕ್ಕೆ ಸಹಾಯಕವೆಂದು ತೋರಿಸಲೆಳಸಿದರು. ಅನಂತರದ ಪರೀಕ್ಷೆಗಳು, ಒಪ್ಪವಿಟ್ಟ ಲೋಹದ ಮೈಯಲ್ಲಿಯೂ ಅತಿಸೂಕ್ಷ್ಮವಾದ ಗೀರುಗಳೇ ಇರುವುವೆಂದು ತೋರಿಸಿ, ಸವೆತವೇ ಮುಖ್ಯವೆಂಬ ಹಳೆಯ ಪಕ್ಷಕ್ಕೆ ಬಲವನ್ನು ತಂದಿವೆ. ಹೀಗೆ ಒಪ್ಪವೆಂಬುದು ಗೀರಿನ ಅಭಾವವಲ್ಲ, ಕಣ್ಣಿಗೆ ಮೀರಿದ ಗೀರು ಎಂದು ತಿಳಿಯಬೇಕು.

೪. ಒಪ್ಪದ ಪುಡಿಗಳು

ಉಜ್ಜುವ ಪುಡಿಯು ಉಜ್ಜಿಸಿಕೊಳ್ಳುವ ವಸ್ತುವಿಗಿಂತ ಗಡುಸಾಗಿರಬೇಕೆಂಬುದು ಸಾಮಾನ್ಯ ನಿಯಮ. ಫ್ರೀಡ್ರಿಖ್ ಮೋಸ್ ಎಂಬವನು ೧೮೧೨ರಲ್ಲಿ ಏರ್ಪಡಿಸಿದ ಗಡಸುತನದ ಶ್ರೇಣಿಯಲ್ಲಿ ಬಳಪದ ಕಲ್ಲಿನ ಮುಖ್ಯ ದ್ರವ್ಯಗಳು ೧ರಿಂದ ೨½ರ ವರೆಗಿನ ಸ್ಥಾನದಲ್ಲಿವೆ. ಬೆಣಚುಕಲ್ಲು ೭, ಕುರುಂದ ೯, ವಜ್ರ ೧೦. ಬರಿಯ ಹೊಳೆಯ ಮರಳಿನಲ್ಲಿಯೂ ಬೆಣಚಿನ ಕಣಗಳಿರುವುದರಿಂದ ಇಟಗಿಯ ಕಲ್ಲನ್ನು ಉಜ್ಜುವುದಕ್ಕೆ ದುರ್ಲಭವಾದ ಸಾಮಗ್ರಿಯೇನೂ ಬೇಕಾಗಿರಲಿಲ್ಲ. ಬೇಕಾದುದು ಪುಡಿಯನ್ನು ಸೋಸಿ ತರತಮವಾಗಿ ಬೇರ್ಪಡಿಸುವ ತಾಳ್ಮೆ.

ಕುರುಂದವೆಂಬ ಶಬ್ದವು ಇಲ್ಲಿ ಗಮನಾರ್ಹವಾದುದು. ಸಂಸ್ಕೃತದ ಕುರುವಿಂದವು ಮಾಣಿಕ್ಯಕ್ಕೂ ಸಾಣೆಯ ಕಲ್ಲಿಗೂ ಸಲ್ಲುವ ಹೆಸರು. ಪಾಶ್ಚಾತ್ಯರ ಖನಿಜಶಾಸ್ತ್ರದಲ್ಲಿ ರೂಢಿಯಾದ ‘ಕೊರಂಡಮ್’ ಎಂಬ ಮಾತು ದಕ್ಷಿಣ ಭಾರತದ ಭಾಷೆಗಳಿಂದಲೇ ಹೋದುದು. ರಸಾಯನಶಾಸ್ತ್ರದ ದೃಷ್ಟಿಯಿಂದ ಕುರುಂದವೂ ಮಾಣಿಕ್ಯವೂ ನೀಲವೂ ಒಂದೇ ದ್ರವ್ಯ. ಅದು ಅಲ್ಯೂಮಿನಿಯಂ ಲೋಹವು ಆಮ್ಲಜನಕದೊಡನೆ ಕೂಡಿ ಆದ ಅಲ್ಯೂಮಿನ. ಇಂದು ಗಾಡಿಯ ಬಣ್ಣಕ್ಕೆ ಬಳಸುವ ಪಾಲಿಷ್ ಕಾಂಪೌಂಡುಗಳಲ್ಲಿ ಬಹುಮಟ್ಟಿಗೆ ಇರುವ ಪುಡಿಯೂ ಈ ಅಲ್ಯೂಮಿನವೇ. ಕವಿಗಳು ಕಿರೀಟದಲ್ಲಿ ಇರಿಸಿದ ಕುರುವಿಂದವು ನುಣ್ಣನೆಯ ಹಿಟ್ಟಾಗಿ, ನೀರು ಎಣ್ಣೆಗಳೊಡನೆ ಕಲಸಲ್ಪಟ್ಟು, ಡಬ್ಬಿಯಲ್ಲಿ ಮಾರಾಟಕ್ಕೆ ಬಂದಿದೆಯೆಂದರೆ ಅತಿಶಯೋಕ್ತಿಯಾಗದು.

ಕಲ್ಲಿನ ಕೆಲಸದಲ್ಲಿ ಈ ಕ್ರಮವು ನಿಂತುಹೋಗಿಲ್ಲ. ಕುಷ್ಟಗಿಗೆ ನೆರೆಯದಾದ ಇಳಕಲ್ಲಿನ ಕೆಂಪು ಗ್ರಾನೈಟು ಪ್ರಸಿದ್ಧವಾಗಿದೆ. ಗರಗಸದಿಂದ ಸೀಳಿದ ಗ್ರಾನೈಟು ಹಲಗೆಗಳನ್ನು ನೀರು ಹರಿಯಿಸುತ್ತ ತಿರುಗುವ ಯಂತ್ರದ ತಲೆಗಳ ಕೆಳಗೆ ಉಜ್ಜುತ್ತಾರೆ. ತಲೆಗೆ ಕಟ್ಟಿದ ಸಾಣೆಯ ತುಂಡುಗಳನ್ನು ಒರಟಿನಿಂದ ನಯಕ್ಕೆ ಕ್ರಮವಾಗಿ ಬದಲಾಯಿಸುತ್ತಾರೆ. ಈ ತುಂಡುಗಳಲ್ಲಿ ಸೇರುವ ಸಿಲಿಕಾನ್ ಕಾರ್ಬೈಡನ್ನು ಎಡ್ವರ್ಡ್ ಅಚೆಸನ್ ಎಂಬವನು ೧೮೯೧ರಲ್ಲಿ ಕಂಡುಹಿಡಿದನು. ಬಣ್ಣದ ಅಂಗಡಿಯವರು ‘ವಾಟರ್ ಪೇಪರ್’ ಎನ್ನುವ, ನೀರಿನಲ್ಲಿ ನೆನೆಸಿ ಉಜ್ಜುವ ಕರಿಯ ಕಾಗದದ ಮೇಲೆ ಅಂಟಿಸಿದ ಪುಡಿಯೂ ಸಾಮಾನ್ಯವಾಗಿ ಇದೇ.

೫. ಗಾಡಿಯ ಬಣ್ಣದಲ್ಲಿ ಅದೇ ಕ್ರಮ

ಗಾಡಿಯ ಬಣ್ಣವು ಒಂದೇ ಪದರವಲ್ಲ. ಕೊಪ್ಪಳದ ಬಳಿಯ ಕಿನ್ನಾಳದಲ್ಲಿ ಚಿತ್ರಗಾರರು ಮರದ ಗೊಂಬೆಯನ್ನು ಜೋಡಿಸಿದ ಮೇಲೆ, ಹುಣಸೆಬೀಜದ ಅಂಟಿನಿಂದ ಅರಿವೆಯ ಚೂರುಗಳನ್ನು ಮೆತ್ತಿ, ಅದರ ಮೇಲೆ ಕಲ್ಲುಪುಡಿಯ ಲೇಪವನ್ನು ಕೊಟ್ಟು, ಆ ನೆಲೆಯ ಮೇಲೆ ಬಣ್ಣವನ್ನು ಹಚ್ಚುತ್ತಾರೆ. ಗಾಡಿಯಲ್ಲಿಯೂ ತಗಡಿನ ತಗ್ಗುಗಳಿಗೆ ಪುಟ್ಟಿ, ಅದರ ಮೇಲೆ ಪ್ರೈಮರು, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಬಣ್ಣವಿಲ್ಲದ ಪಾರದರ್ಶಕ ಲೇಪ ಹೀಗೆ ಪದರಗಳಿವೆ. ೧೯೨೦ರ ದಶಕದಲ್ಲಿ ‘ಡ್ಯೂಕೊ’ ಎಂಬ ಹೆಸರಿನ, ಬೇಗ ಒಣಗುವ ಬಣ್ಣವು ಅಮೇರಿಕದಲ್ಲಿ ಹೊರಟು ಕುಂಚದ ಕೆಲಸವನ್ನು ಹಿಂದೆ ಹಾಕಿತು; ಭಾರತದ ಬಣ್ಣಗಾರರಲ್ಲಿ ಆ ಹೆಸರು ಸಿಂಪಡಿಸುವ ಬಣ್ಣಕ್ಕೆಲ್ಲ ರೂಢಿಯಾಯಿತು. ಈಗಿನ ಗಾಡಿಗಳಲ್ಲಿ ಹೊಳೆಯುವುದು ಬಣ್ಣವಲ್ಲ, ಅದರ ಮೇಲಿನ ಪಾರದರ್ಶಕ ಲೇಪವು. ಗೀರುಗಳನ್ನು ಅಳಿಸುವ ಕೆಲಸವೂ ಆ ಲೇಪದಲ್ಲಿಯೇ ನಡೆಯತಕ್ಕದ್ದು.

ನಯವಾಗಬೇಕಾದ ಮೈಯನ್ನು ಮೊದಲು ಗೀರುವುದೇಕೆಂಬ ಸಂಶಯವು ಇಲ್ಲಿ ಹುಟ್ಟಬಹುದು. ಸಿಂಪಡಿಸಿದ ಲೇಪವು ಒಣಗಿದಾಗ ಕಿತ್ತಳೆಯ ಸಿಪ್ಪೆಯಂತೆ ಕಿರಿದಾದ ಉಬ್ಬುತಗ್ಗುಗಳು ಉಳಿಯುತ್ತವೆ. ಕೆಲವೆಡೆ ಲೇಪವು ಹೆಚ್ಚಾಗಿ ಇಳಿದು ಗಡ್ಡೆಕಟ್ಟುತ್ತದೆ. ಗಾಳಿಯಲ್ಲಿದ್ದ ಧೂಳಿನ ಕಣಗಳು ಕೂರುತ್ತವೆ. ಇವು ಗೀರಿಗಿಂತ ದೊಡ್ಡ ದೋಷಗಳು. ಇವನ್ನು ಕಳೆಯುವುದಕ್ಕಾಗಿ ರಬ್ಬರಿನ ತುಂಡಿಗೆ ವಾಟರ್ ಪೇಪರನ್ನು ಸುತ್ತಿ, ನೀರು ಹಾಕುತ್ತ ಮೈಯನ್ನು ಸಮಮಾಡುತ್ತಾರೆ. ಆಗ ದೊಡ್ಡ ದೋಷವು ಹೋಗಿ, ಅದರ ಸ್ಥಾನದಲ್ಲಿ ಒಂದೇ ಸಮನಾದ ಸಣ್ಣ ಗೀರುಗಳು ಬರುತ್ತವೆ. ಹೊಳೆಯುತ್ತಿದ್ದ ಮೈಯು ಬಳಪದ ಹಲಗೆಯಂತೆ ಮಂಕಾಗುತ್ತದೆ. ಕೆಲಸವು ಕೆಟ್ಟಂತೆ ತೋರುವ ಈ ಘಟ್ಟವೇ ಕೆಲಸದ ಮಧ್ಯಭಾಗ.

ಕಾಗದದ ಹಿಂಬದಿಯಲ್ಲಿ ಅಚ್ಚಾದ ಸಂಖ್ಯೆಯು ಹೆಚ್ಚಿದಷ್ಟೂ ಪುಡಿಯು ನಯವಾದುದೆಂದು ಅರ್ಥ. ಯೂರೋಪಿನ ಅಳತೆಯ ಪ್ರಕಾರ ೧೦೦೦ದ ಕಾಗದದಲ್ಲಿ ಕಣಗಳ ಗಾತ್ರವು ಸರಾಸರಿ ಸುಮಾರು ೧೮ ಮೈಕ್ರಾನ್, ೧೫೦೦ರಲ್ಲಿ ೧೨½, ೨೦೦೦ದಲ್ಲಿ ೧೦. ಗೀರಿನ ಆಳವು ಕಣದ ಗಾತ್ರಕ್ಕಿಂತ ಬಹಳ ಕಡಮೆ. ಆದರೂ ಬೆಳಕಿನ ಅಲೆಯ ಅಳತೆಗೆ ಅದು ಇನ್ನೂ ಒರಟೇ. ಕಾಗದದಿಂದ ಹಿಟ್ಟಿಗೆ, ಎಂದರೆ ಪಾಲಿಷ್ ಕಾಂಪೌಂಡಿಗೆ, ಬರುವ ಅವಶ್ಯಕತೆಯು ಇಲ್ಲಿಯೇ ಉಂಟಾಗುತ್ತದೆ. ಕಾಗದದಲ್ಲಿ ಕಣವು ಅಂಟಿಕೊಂಡು ನಿಂತು ನೇರವಾಗಿ ಉಳುತ್ತದೆ. ಕಾಂಪೌಂಡಿನಲ್ಲಿ ಅದು ಮಿದುವಾದ ಉಣ್ಣೆಯ ಅಥವಾ ಸ್ಪಂಜಿನ ಬಿಲ್ಲೆಯ ಮೇಲೆ ಹೊರಳಿ, ಬಿಲ್ಲೆಯು ಬಾಗುವುದರಿಂದ ಒತ್ತಡವನ್ನು ಹಂಚಿಕೊಂಡು, ಉಬ್ಬುಗಳ ತುದಿಗಳನ್ನು ಸ್ವಲ್ಪ ಸ್ವಲ್ಪವಾಗಿ ಸವೆಯಿಸುತ್ತದೆ. ಕೆಲವು ಕಾಂಪೌಂಡುಗಳಲ್ಲಿ ಕಣಗಳು ಉಜ್ಜುತ್ತಿರುವಾಗಲೇ ಒಡೆದು ಇನ್ನೂ ಸಣ್ಣವಾಗುವಂತೆ ಏರ್ಪಡಿಸಿರುತ್ತಾರೆ.

ಕುಶಲರಾದ ಕೆಲಸಗಾರರು ಪಾಲಿಸುವ ನಿಯಮಗಳಿಗೆಲ್ಲ ಸ್ಪಷ್ಟವಾದ ಕಾರಣಗಳಿವೆ. ಮೊದಲನೆಯದಾಗಿ, ಮೆಟ್ಟಿಲನ್ನು ಹಾರಬಾರದು. ೧೦೦೦ದ ಗೀರನ್ನು ೨೦೦೦ದ ಕಾಗದಕ್ಕೆ ಬಿಡದೆ ನೇರವಾಗಿ ಕಾಂಪೌಂಡಿನಿಂದ ಅಳಿಸಲೆಳಸಿದರೆ, ಗೀರಿನ ಅಂಚುಗಳು ದುಂಡಾಗಿ ಹೊಳೆಯುವುವೇ ಹೊರತು ಅದರ ತಳವು ಉಳಿಯುತ್ತದೆ. ಸುತ್ತಲಿನ ಮೈಯು ಹೊಳೆದಷ್ಟೂ ಉಳಿದ ಗೀರು ಹೆಚ್ಚು ಸ್ಪಷ್ಟವಾಗುತ್ತದೆ. ಎರಡನೆಯದಾಗಿ, ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ಉಜ್ಜುವ ದಿಕ್ಕನ್ನು ಬದಲಾಯಿಸಬೇಕು. ಮೊದಲನೆಯ ಕಾಗದವನ್ನು ಉದ್ದಕ್ಕೆ ಆಡಿಸಿದ್ದರೆ ಎರಡನೆಯದನ್ನು ಅಡ್ಡಕ್ಕೆ ಆಡಿಸತಕ್ಕದ್ದು. ಉದ್ದದ ಗೀರು ಒಂದಾದರೂ ಕಾಣುತ್ತಿರುವವರೆಗೆ ಎರಡನೆಯ ಮೆಟ್ಟಿಲು ಮುಗಿದಿಲ್ಲವೆಂದು ಇದರಿಂದ ತಾನಾಗಿಯೇ ತಿಳಿಯುತ್ತದೆ. ಮೂರನೆಯದಾಗಿ, ಮೆಟ್ಟಿಲು ಮೆಟ್ಟಿಲಿಗೂ ಮೈಯನ್ನೂ ಕೈಯನ್ನೂ ಬಟ್ಟೆಯನ್ನೂ ತೊಳೆಯಬೇಕು. ಹಿಂದಿನ ಕಾಗದದ ಒಂದು ಕಣವು ಸಿಕ್ಕಿಕೊಂಡರೆ ಅದು ನಯವಾದ ಮೈಯಲ್ಲಿ ಉದ್ದವಾದ ಹೊಸ ಗೀರನ್ನು ಎಳೆಯುತ್ತದೆ. ನಾಲ್ಕನೆಯದಾಗಿ, ಯಂತ್ರವನ್ನು ಒಂದೇ ಎಡೆಯಲ್ಲಿ ನಿಲ್ಲಿಸಬಾರದು. ಲೇಪವು ಕಲ್ಲಿನಂತೆ ಶಾಖವನ್ನು ತಡೆಯಲಾರದು. ಬಿಸಿಯಿಂದ ಮೆತ್ತಗಾಗಿ ಸುಟ್ಟುಹೋಗುತ್ತದೆ. ಬಾಗಿಲಿನ ಅಂಚು, ತಗಡಿನ ಮಡಿಕೆ ಮೊದಲಾದ ಎಡೆಗಳಲ್ಲಿ ಒತ್ತಡವೆಲ್ಲವೂ ಕಿರಿದಾದ ಗೆರೆಯ ಮೇಲೆ ಬೀಳುವುದರಿಂದಲೂ ಲೇಪವು ಅಲ್ಲಿ ತೆಳುವಾಗಿರುವುದರಿಂದಲೂ ಬಣ್ಣವು ಬೇಗ ಕಿತ್ತುಬರುತ್ತದೆ. ಅನುಭವಿಗಳು ಅಂತಹ ಅಂಚುಗಳಿಗೆ ಪಟ್ಟಿಯನ್ನು ಅಂಟಿಸಿ ಕಾಪಾಡುತ್ತಾರೆ.

ಕಡೆಯ ಮೆಟ್ಟಿಲಿನಲ್ಲಿ ಉಣ್ಣೆಯ ಬಿಲ್ಲೆಯನ್ನು ಬಿಟ್ಟು ಮಿದುವಾದ ಸ್ಪಂಜಿನ ಬಿಲ್ಲೆಯನ್ನೂ ನಯವಾದ ಪಾಲಿಷನ್ನೂ ಹಿಡಿಯುತ್ತಾರೆ. ಉಣ್ಣೆಯು ಗೀರುಗಳನ್ನು ಬೇಗ ಕಳೆಯುವುದಾದರೂ ತನ್ನದೇ ಆದ ಸುಳಿಗೀರುಗಳನ್ನು ಬಿಡುತ್ತದೆ. ಚನ್ನಪಟ್ಟಣದ ಅರಗಿನ ಗೊಂಬೆಯ ಕೆಲಸದಲ್ಲಿ ತಿರುಗಣೆಯ ಮೇಲೆ ಅರಗನ್ನು ಹಚ್ಚಿದ ಬಳಿಕ ಒಣಗಿದ ಕೇದಗೆಯ ಗರಿಯಿಂದ ಉಜ್ಜಿ ಹೊಳಪನ್ನು ತರುವುದು ವಾಡಿಕೆ. ಎರಡು ಕಡೆಯೂ ಕೊನೆಯ ಸಾಧನವು ಎಲ್ಲಕ್ಕಿಂತ ಮಿದುವಾದುದು.

೬. ಹುಸಿಹೊಳಪು

ಗೀರನ್ನು ಅಳಿಸದೆ ಮರೆಮಾಡುವುದೂ ಉಂಟು. ಎಣ್ಣೆ ಮೇಣಗಳು ಗೀರುಗಳೊಳಗೆ ತುಂಬಿಕೊಂಡಾಗ ಬೆಳಕು ಚೆದರುವುದು ಕಡಮೆಯಾಗಿ, ಮೈಯು ನುಣ್ಣಗಾದಂತೆ ತೋರುತ್ತದೆ. ಒದ್ದೆಯಾದ ಕಡಪದ ಹಲಗೆಯು ಹೊಳೆದು, ಆರಿದೊಡನೆ ಮಂಕಾಗುವುದು ಇದಕ್ಕೆ ಮನೆಯೊಳಗಿನ ದೃಷ್ಟಾಂತ. ಕಾಂಪೌಂಡಿನಲ್ಲಿಯೇ ಎಣ್ಣೆಯಿರುವುದರಿಂದ ಕೆಲಸಗಾರನು ತಾನೇ ಮೋಸಹೋಗುವ ಸಂಭವವೂ ಇದೆ. ನಾಲ್ಕು ಮಳೆಗೆ ಎಣ್ಣೆಯು ತೊಳೆದುಹೋದಾಗ ಗೀರುಗಳು ಮರಳಿ ಮೇಲಕ್ಕೆ ಬಂದಂತೆ ಕಾಣುತ್ತವೆ. ಅವು ಎಲ್ಲಿಗೂ ಹೋಗಿರಲಿಲ್ಲ. ಆದುದರಿಂದ ಬಲ್ಲವರು ಪ್ರತಿಯೊಂದು ಮೆಟ್ಟಿಲಿನ ಕೊನೆಗೂ ಎಣ್ಣೆಯನ್ನು ಕರಗಿಸುವ ಸ್ಪಿರಿಟ್ಟಿನಿಂದ ಮೈಯನ್ನು ಒರಸಿ, ನೆರಳಿನಲ್ಲಿ ಅಲ್ಲ, ಬಿಸಿಲಿನಲ್ಲಿ ಪರೀಕ್ಷಿಸುತ್ತಾರೆ. ಓರೆಯಾಗಿ ನೋಡಿದಾಗ ಒರಟಾದ ಮೈಯೂ ಹೊಳೆಯುವುದರಿಂದ, ಎದುರಿನಿಂದ ನೋಡಿ ನಿರ್ಣಯಿಸುವುದೇ ಸರಿ. ಮೇಣವು ಮೈಯನ್ನು ಕಾಪಾಡುವುದಕ್ಕೆ ಉಪಯುಕ್ತವಾದುದೇ. ಅದನ್ನು ಹಚ್ಚತಕ್ಕ ಕಾಲವು ಪರೀಕ್ಷೆಯ ಅನಂತರದ್ದು.

೭. ಎಲ್ಲೆ

ಒಪ್ಪವು ಕಳೆಯುವ ಕೆಲಸವಾದುದರಿಂದ ಅದಕ್ಕೆ ಎಲ್ಲೆಯುಂಟು. ಗಾಡಿಯ ಪಾರದರ್ಶಕ ಲೇಪವು ಸಾಮಾನ್ಯವಾಗಿ ೪೦ರಿಂದ ೬೦ ಮೈಕ್ರಾನ್ ದಪ್ಪ. ತಲೆಗೂದಲಿನ ದಪ್ಪಕ್ಕಿಂತಲೂ ಕಡಮೆ. ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆಯುವ ದ್ರವ್ಯಗಳು ಆ ಲೇಪದಲ್ಲಿಯೇ ಇವೆ. ಪ್ರತಿಯೊಂದು ಸಲ ಸಮಮಾಡಿ ಒಪ್ಪವಿಟ್ಟಾಗಲೂ ಕೆಲವು ಮೈಕ್ರಾನುಗಳು ಶಾಶ್ವತವಾಗಿ ಹೋಗುತ್ತವೆ. ಅಳತೆಮೀರಿ ತೆಳುವಾದ ಲೇಪವು ಆ ದಿನ ಕನ್ನಡಿಯಂತೆ ಹೊಳೆದರೂ, ಕೆಲವು ಬೇಸಗೆಗಳ ತರುವಾಯ ಬಿಳಿಚಿ ಹೊಟ್ಟೆದ್ದು ಸುಲಿಯುತ್ತದೆ. ಆಗ ಅದನ್ನು ಸರಿಪಡಿಸಬಲ್ಲ ಕಾಂಪೌಂಡು ಯಾವುದೂ ಇಲ್ಲ, ಹೊಸದಾಗಿ ಬಣ್ಣ ಹೊಡೆಯಬೇಕಾಗುತ್ತದೆ. ಉಗುರನ್ನು ಮೆಲ್ಲನೆ ಅಡ್ಡಲಾಗಿ ಎಳೆದಾಗ ಸಿಕ್ಕಿಕೊಳ್ಳುವಷ್ಟು ಆಳವಾದ ಗೀರನ್ನು ಪೂರ್ತಿಯಾಗಿ ಅಳಿಸಲು ಹೋಗಬಾರದೆಂದು ಕಸಬಿನವರು ಹೇಳುವುದು ಇದಕ್ಕಾಗಿಯೇ.

ಗಾಡಿಗೆ ಹೊಸ ಲೇಪವನ್ನು ಹಾಕಬಹುದು; ೧೧೧೨ರ ಕಂಬಕ್ಕೆ ಹಾಗೆ ಮಾಡಲಾಗದು. ಬಳಪದ ಕಲ್ಲಿನ ಮೇಲೆ ಕುಳಿತ ಧೂಳಿನಲ್ಲಿ ಬೆಣಚಿನ ಕಣಗಳಿರುತ್ತವೆ. ಅವು ಕಲ್ಲಿಗಿಂತ ಎಷ್ಟೋ ಪಾಲು ಗಡುಸು. ಒಣಬಟ್ಟೆಯಿಂದ ಅದನ್ನು ಒತ್ತಿ ಒರಸಿದರೆ ಭಕ್ತಿಯಿಂದ ಒರಸಿದರೂ ಗೀರು ಬೀಳುತ್ತದೆ. ಗಾಡಿಯ ಧೂಳನ್ನು ಮೊದಲು ನೀರಿನಿಂದ ಹರಿಯಿಸಿ ಆಮೇಲೆ ಒರಸಬೇಕೆಂಬ ನಿಯಮವು ಇಲ್ಲಿಯೂ ಸಲ್ಲುತ್ತದೆ. ಮಂಕಾದ ಕಂಬಕ್ಕೆ ಮತ್ತೆ ಒಪ್ಪವಿಡುವೆವೆಂದು ಹೊರಟರೆ, ಗೀರಿನೊಡನೆ ಶಿಲ್ಪಿಯ ಕೈಯ ಗುರುತೂ, ಅಕ್ಷರಗಳಿದ್ದೆಡೆಯಲ್ಲಿ ಅಕ್ಷರಗಳ ಅಂಚೂ ಸವೆಯುತ್ತವೆ. ಅಲ್ಲಿ ಉಳಿದಿರುವ ಗೀರುಗಳಲ್ಲಿ ಯಾವುದು ಉಳಿಯದು, ಯಾವುದು ಕಾಲದ್ದು ಎಂಬುದನ್ನು ಓದಬಲ್ಲವರಿಗೆ ಆ ಗೀರುಗಳೇ ದಾಖಲೆ. ಶಾಸನದ ಸವೆದ ಸಾಲುಗಳೊಡನೆ ಹೆಣಗಿದ ವಿದ್ವಾಂಸರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ.

ಕಾವ್ಯಕ್ಕೆ ಒಪ್ಪವಿಡುವುದೆಂಬ ಮಾತನ್ನು ವಿದ್ಯಾರ್ಥಿಗಳಿಗೆ ವಿವರಿಸುವಾಗ ಈ ಮೂರು ಅಂಶಗಳನ್ನು ಜ್ಞಾಪಕದಲ್ಲಿಡುವುದು ಉಪಯುಕ್ತವಾಗಬಹುದು. ಒಪ್ಪವು ಅಲಂಕಾರವನ್ನು ಹಚ್ಚುವುದಲ್ಲ, ಅಡ್ಡಿಯನ್ನು ಕಳೆಯುವುದು. ಅದು ಒಂದೇ ಸಲಕ್ಕೆ ಆಗುವುದಲ್ಲ, ಹಿಂದಿನ ತಿದ್ದುಪಡಿಯ ಗುರುತನ್ನು ಮುಂದಿನ ತಿದ್ದುಪಡಿಯು ಅಳಿಸುತ್ತ ಹೋಗುವುದು. ಮತ್ತು ತಿದ್ದತಕ್ಕ ಪದರವು ತೆಳುವಾದುದು, ಅದು ಮುಗಿಯುವ ಮೊದಲೇ ಕೈಯನ್ನು ತೆಗೆಯಬೇಕು.